ಹಿಟ್ಟಿನ ಕೋಳಿ, ಪರದೆಯ ಕೋಳಿ

ಜೈನ ಮನೆಗಳಲ್ಲಿ ಈಗ ಒಂದು ಸಮರ್ಥನೆ ಚಲಾವಣೆಯಲ್ಲಿದೆ. ರಜೆಯ ದಿನಗಳಲ್ಲಿ ಮಕ್ಕಳು ಬಾಗಿಲು ಮುಚ್ಚಿಕೊಂಡು ಗಣಕಯಂತ್ರದ ಮುಂದೆ ಕುಳಿತು ಕತ್ತಿ ಬೀಸುತ್ತಿರುತ್ತಾರೆ. ಹಿರಿಯರು ಯಾರಾದರೂ ಆಕ್ಷೇಪಿಸಿದರೆ ತಂದೆತಾಯಿಗಳೇ ಮುಂದೆ ಬಂದು, "ಅದು ಬರೀ ಆಟ, ಅದರಲ್ಲಿ ಯಾರೂ ಸಾಯುವುದಿಲ್ಲ" ಎನ್ನುತ್ತಾರೆ. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಮನೆಗಳಲ್ಲಿ ಈ ಮಾತು ಇಷ್ಟು ಸಲೀಸಾಗಿ ಒಪ್ಪಿಗೆಯಾಗುವುದು ಆಶ್ಚರ್ಯಕರ. ಏಕೆಂದರೆ ಈ ವಾದ ಹೊಸದಲ್ಲ. ಇದು ಚಂದ್ರಮತಿಯ ವಾದ.

ಜನ್ನ ಕವಿ 1209ರಲ್ಲಿ ಬರೆದ 'ಯಶೋಧರ ಚರಿತೆ'ಯ ಕಥೆ ಓದುಗರಿಗೆ ತಿಳಿದದ್ದೇ. ಮಗನ ದುಃಸ್ವಪ್ನದ ಮಾತು ಕೇಳಿದ ತಾಯಿ ಶಾಂತಿಗಾಗಿ ಪ್ರಾಣಿಬಲಿಯನ್ನು ಸೂಚಿಸುತ್ತಾಳೆ. ಯಶೋಧರ ಒಪ್ಪುವುದಿಲ್ಲ. ಆಗ ಇಬ್ಬರಿಗೂ ಒಪ್ಪಿಗೆಯಾಗುವ ಉಪಾಯ ಹೊಳೆಯುತ್ತದೆ: ಹಿಟ್ಟಿನ ಕೋಳಿಯನ್ನು ಮಾಡಿ ಕಡಿಯುವುದು. ಬಲಿ ಸಂದಂತೆಯೂ ಆಯಿತು, ಜೀವ ಹೋಗಲೂ ಇಲ್ಲ. ಈ ಜಾಣ ರಾಜಿಗೆ ದೊರೆತ ಫಲವೆಂದರೆ ತಾಯಿಮಕ್ಕಳಿಬ್ಬರೂ ನವಿಲಾಗಿ, ನಾಯಿಯಾಗಿ, ಹಾವಾಗಿ, ಮೀನಾಗಿ, ಆಡಾಗಿ ಜನ್ಮಾಂತರಗಳಲ್ಲಿ ತೊಳಲಿದ್ದು. ಜನ್ನನಿಗಿಂತ ಎರಡೂವರೆ ಶತಮಾನ ಮುಂಚೆ, 959ರಲ್ಲಿ, ಸೋಮದೇವಸೂರಿಗಳು 'ಯಶಸ್ತಿಲಕ'ದಲ್ಲಿ ಇದೇ ಕಥೆಯನ್ನು ವಿಸ್ತರಿಸಿದ್ದರು. ತಂದುಲ ಮತ್ಸ್ಯದ ದೃಷ್ಟಾಂತವಂತೂ ಇನ್ನೂ ಕಠೋರವಾದುದು. ಮಹಾಮತ್ಸ್ಯದ ಕಿವಿಯಲ್ಲಿ ವಾಸಿಸುವ ಅಕ್ಕಿಕಾಳಿನಷ್ಟು ಗಾತ್ರದ ಆ ಮೀನು ಒಂದು ಜೀವಿಯನ್ನೂ ನುಂಗಲಿಲ್ಲ. ದೊಡ್ಡ ಮೀನಿನ ಬಾಯಿಂದ ಪಾರಾಗುವ ಜೀವಿಗಳನ್ನು ಕಂಡು, ತಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಯೋಚಿಸಿತು, ಅಷ್ಟೇ. ಅದು ಹೋದದ್ದು ಏಳನೆಯ ನರಕಕ್ಕೆ. ಈ ಕಥೆಗಳನ್ನು ಪರ್ವದ ದಿನಗಳಲ್ಲಿ ಶ್ರದ್ಧೆಯಿಂದ ಕೇಳಿ, ಮನೆಗೆ ಬಂದು "ಯಾರೂ ಸಾಯುವುದಿಲ್ಲ" ಎನ್ನುವವರು ತಾವು ಕೇಳಿದ್ದೇನೆಂಬುದನ್ನು ಒಮ್ಮೆ ವಿಚಾರಿಸಿಕೊಳ್ಳಬೇಕು.

ಆಕ್ಷೇಪಣೆ ಮಾಡುವವರು ಆಟವನ್ನು ಬಲ್ಲವರಾಗಿರಬೇಕೆಂಬುದೂ ನ್ಯಾಯವೇ. ಆದುದರಿಂದ ಒಂದೇ ಆಟವನ್ನು ತೆಗೆದುಕೊಂಡು ನೋಡುವುದು ಒಳಿತು. ಅಮೆರಿಕದ ಬೆಥೆಸ್ಡಾ ಸಂಸ್ಥೆ 2011ರ ನವೆಂಬರ್ 11ರಂದು ಹೊರತಂದ 'ದಿ ಎಲ್ಡರ್ ಸ್ಕ್ರೋಲ್ಸ್' ಮಾಲಿಕೆಯ ಐದನೆಯ ಆಟ 'ಸ್ಕೈರಿಮ್'. 2023ರ ವೇಳೆಗೆ ಇದರ ಆರು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದುವೆಂದು ಸಂಸ್ಥೆಯೇ ಹೇಳಿಕೊಂಡಿದೆ. ಹಿಮಾವೃತವಾದ ಒಂದು ಕಲ್ಪಿತ ನಾಡು, ಒಂಬತ್ತು ಸೀಮೆಗಳು, ಮರಳಿ ಬಂದ ಡ್ರ್ಯಾಗನ್‌ಗಳು, ಅವುಗಳನ್ನು ಎದುರಿಸಲು ಹುಟ್ಟಿದ ಒಬ್ಬ ವೀರ. ಆ ವೀರನೇ ಆಟಗಾರ. ಆರಂಭದ ಕೆಲವು ದೃಶ್ಯಗಳು ಮುಗಿದರೆ ಅವನು ಯಾವ ದಿಕ್ಕಿಗೆ ಬೇಕಾದರೂ ನಡೆಯಬಹುದು, ಯಾರೊಡನೆ ಬೇಕಾದರೂ ಸೇರಬಹುದು. ಮುಖ್ಯ ಕಥೆಗೇ ಮೂವತ್ತು ಗಂಟೆ ಹಿಡಿಯುತ್ತದೆ. ಮೂಲೆಮೂಲೆಯನ್ನೂ ಶೋಧಿಸಲು ಹೊರಟವರಿಗೆ ಇನ್ನೂರು ಗಂಟೆಯೂ ಸಾಲದು. ಒಂದು ಸಾಮಾಯಿಕಕ್ಕೆ ನಲವತ್ತೆಂಟು ನಿಮಿಷ. ಇನ್ನೂರು ಗಂಟೆಯೆಂದರೆ ಇನ್ನೂರೈವತ್ತು ಸಾಮಾಯಿಕಗಳ ಕಾಲ. ಅಷ್ಟು ಹೊತ್ತು ಮನಸ್ಸು ಒಂದೇ ಕಡೆ ನೆಟ್ಟಿರುತ್ತದೆಂದರೆ ಅದನ್ನು ಧ್ಯಾನವೆನ್ನದೆ ವಿಧಿಯಿಲ್ಲ. ಯಾವ ಧ್ಯಾನ ಎಂಬುದಷ್ಟೇ ಪ್ರಶ್ನೆ.

ಈ ಆಟದಲ್ಲಿಯೂ ಒಂದು ಕೋಳಿಯಿದೆ. ವೀರ ಮೊದಲು ಸೇರುವ ರಿವರ್‌ವುಡ್ ಎಂಬ ಹಳ್ಳಿಯಲ್ಲಿ ಕೋಳಿಗಳು ಮೇಯುತ್ತಿರುತ್ತವೆ. ಒಂದನ್ನು ಹೊಡೆದರೆ ಊರಿನವರೆಲ್ಲ ಆಯುಧ ಹಿಡಿದು ಮೈಮೇಲೆ ಬರುತ್ತಾರೆ. ಇದು ಆಟಗಾರರ ಲೋಕದಲ್ಲಿ ಪ್ರಸಿದ್ಧವಾದ ನಗೆಮಾತು. ಆದರೆ ಅದೇ ಹಳ್ಳಿಯಾಚೆಯ ಬೆಟ್ಟದಲ್ಲಿ ಅಡಗಿರುವ ದರೋಡೆಕೋರರನ್ನು ಸಾಲುಸಾಲಾಗಿ ಕೊಂದು ಬಂದರೂ ಯಾರೂ ಕೇಳುವುದಿಲ್ಲ. ಕೋಳಿಗೆ ಒಡೆಯನಿದ್ದಾನೆ, ಆದುದರಿಂದ ಅದನ್ನು ಕೊಂದದ್ದು ಅಪರಾಧ, ಜೀವವಿದೆ ಎಂಬುದರಿಂದಲ್ಲ. ಸಭ್ಯ ನಾಗರಿಕನನ್ನು ಕೊಂದರೆ ಸಾವಿರ ನಾಣ್ಯ ದಂಡ, ಹೊಡೆದರೆ ನಲವತ್ತು. ದಂಡ ತೆತ್ತರೆ ಎಲ್ಲವೂ ಶುದ್ಧ. ಇನ್ನೊಂದು ದಾರಿಯೂ ಇದೆ, ಅದು ಹೆಚ್ಚು ಗಮನಾರ್ಹ: ಕೃತ್ಯವನ್ನು ಕಂಡ ಕೊನೆಯ ಸಾಕ್ಷಿಯನ್ನೂ ಕೊಂದುಬಿಟ್ಟರೆ, ದಂಡ ರದ್ದಾಯಿತೆಂದು ಪರದೆಯ ಮೇಲೆ ಬರಹ ಮೂಡುತ್ತದೆ.

ಹೇಮಚಂದ್ರಾಚಾರ್ಯರು 'ತ್ರಿಷಷ್ಟಿ ಶಲಾಕಾ ಪುರುಷ ಚರಿತ್ರೆ'ಯಲ್ಲಿ ಇದಕ್ಕೆ ಎಂಟು ಶತಮಾನಗಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಗುರು ಕ್ಷೀರಕದಂಬಕ ಮೂವರು ಶಿಷ್ಯರ ಕೈಗೆ ಒಂದೊಂದು ಹಿಟ್ಟಿನ ಕೋಳಿಯನ್ನು ಕೊಟ್ಟು, ಯಾರೂ ನೋಡದ ಜಾಗದಲ್ಲಿ ಕೊಂದು ಬನ್ನಿರೆಂದು ಕಳುಹಿಸುತ್ತಾನೆ. ವಸುವೂ ಪರ್ವತಕನೂ ನಿರ್ಜನ ಪ್ರದೇಶ ಹುಡುಕಿ ಕೊಂದು ಬರುತ್ತಾರೆ. ನಾರದ ಕೋಳಿಯನ್ನು ಹಾಗೆಯೇ ಹಿಂದಕ್ಕೆ ತರುತ್ತಾನೆ. ತಾನೇ ನೋಡುತ್ತಿರುವಾಗ ಯಾರೂ ನೋಡದ ಜಾಗ ಎಲ್ಲಿಯದು ಎಂಬುದು ಅವನ ವಿಚಾರ. 'ಸ್ಕೈರಿಮ್' ಆಟದ ನ್ಯಾಯವ್ಯವಸ್ಥೆ ವಸು ಪರ್ವತಕರ ಪಕ್ಷದ್ದು. ಇನ್ನೂರು ಗಂಟೆ ಅದರಲ್ಲಿ ಪಳಗಿದ ಹದಿನಾಲ್ಕರ ಹುಡುಗನಿಗೆ ಸಾಕ್ಷಿಯಿಲ್ಲದೆಯೂ ಬಂಧವಾಗುವ ಕರ್ಮದ ವಿಚಾರ ಒಗ್ಗಿಸುವುದು ಪಾಠಶಾಲೆಯ ಪಂಡಿತರಿಗೆ ಸುಲಭವಲ್ಲ.

ಇಲ್ಲಿ ಒಂದು ಪ್ರತಿವಾದ ಏಳುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪಂಪ ಜೈನನೇ ಆಗಿದ್ದು 'ವಿಕ್ರಮಾರ್ಜುನ ವಿಜಯ'ದಲ್ಲಿ ರಣರಂಗವನ್ನು ರಕ್ತಸಿಕ್ತವಾಗಿಯೇ ವರ್ಣಿಸಲಿಲ್ಲವೇ? ಅದನ್ನು ಓದಿದ ಶ್ರಾವಕರೆಲ್ಲ ಹಿಂಸಕರೇ? ಚದುರಂಗದಲ್ಲಿ ಆನೆ ಕುದುರೆಗಳನ್ನು ಹೊಡೆಯುವವರ ಗತಿಯೇನು? ಉತ್ತರ ಶಾಸ್ತ್ರದಲ್ಲಿಯೇ ಇದೆ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಗಳನ್ನು ಆಚಾರ್ಯರು ಸುಮ್ಮನೆ ವಿಂಗಡಿಸಲಿಲ್ಲ. ಕಾವ್ಯ ಓದುವವನು ಕೇಳುಗ. ಬಹಳವಾದರೆ ಅನುಮೋದಿಸಬಹುದು, ಪಂಪನಂಥ ಕವಿಯಾದರೆ ಅನುಮೋದನೆಗೂ ಎಡೆಗೊಡದೆ ವಿಷಾದವನ್ನು ತುಂಬುತ್ತಾನೆ. ಆಟಗಾರನಾದರೋ ಕತ್ತಿ ಎತ್ತಬೇಕೆ ಬೇಡವೆ ಎಂದು ತಾನೇ ನಿರ್ಧರಿಸಿ ತನ್ನ ಬೆರಳಿನಿಂದಲೇ ಎತ್ತುತ್ತಾನೆ. ಪರದೆಯ ಮೇಲಿರುವುದು ಹಿಟ್ಟು, ನಿರ್ಧಾರ ಮಾತ್ರ ನಿಜವಾದುದು. ಇನ್ನು ಚದುರಂಗದ ಕಾಯಿ ಮನೆಯಿಂದ ಹೊರಬೀಳುವಾಗ ಚೀರುವುದಿಲ್ಲ, ಮಂಡಿಯೂರಿ ಬೇಡುವುದಿಲ್ಲ.

ಈ ಆಟದಲ್ಲಿ ಎರಡೂ ಉಂಟು. ಕೊನೆಯ ಪೆಟ್ಟು ಬೀಳುವಾಗ ಕಾಲವೇ ನಿಧಾನಗೊಂಡಂತೆ ದೃಶ್ಯ ಹತ್ತಿರಕ್ಕೆ ಸರಿದು, ಕತ್ತಿ ದೇಹವನ್ನು ಹೊಗುವುದನ್ನು ಬಿಡಿಬಿಡಿಯಾಗಿ ತೋರಿಸುವ ಏರ್ಪಾಡಿದೆ. ಯುದ್ಧಕ್ಕೆ ಇದರ ಅಗತ್ಯವಿಲ್ಲ, ಕಥೆಗೂ ಇಲ್ಲ. ಇದು ಸವಿಯುವುದಕ್ಕಾಗಿಯೇ ಇರುವಂಥದು. ರೌದ್ರಧ್ಯಾನದ ಮೊದಲನೆಯ ಪ್ರಕಾರಕ್ಕೆ ಹಿಂಸಾನಂದವೆಂದು ಹೆಸರಿಟ್ಟವರಿಗೆ ಈ ಯಂತ್ರದ ಪರಿಚಯವಿರಲಿಲ್ಲ, ಮನಸ್ಸಿನ ಪರಿಚಯವಿತ್ತು. ಸೋಲುವ ಹಂತಕ್ಕೆ ಬಂದ ಶತ್ರು ಕೆಲವೊಮ್ಮೆ ಮಂಡಿಯೂರಿ ಶರಣಾಗತಿಯ ಮಾತಾಡುತ್ತಾನೆ. ಅವನಿಗೆ ಅಭಯವೀಯಲು ಆಟದಲ್ಲಿ ಮಾರ್ಗವಿಲ್ಲ. ಕೈ ತಡೆದು ನಿಂತರೆ ಅವನು ಸುಧಾರಿಸಿಕೊಂಡು ಎದ್ದು ಮತ್ತೆ ಕತ್ತಿ ಬೀಸುತ್ತಾನೆ. ಎರಡು ಮೂರು ಸಲ ಹೀಗಾದ ಮೇಲೆ ಹುಡುಗ ಕಲಿಯುವುದೇನು? ಶರಣು ಬಂದವನ ಮಾತನ್ನು ನಂಬುವುದು ದಡ್ಡತನವೆಂದು. ಗೆದ್ದ ಕ್ಷಣದಲ್ಲಿಯೇ ಗೆಲುವನ್ನು ಬಿಟ್ಟುಕೊಟ್ಟ ಬಾಹುಬಲಿಯ ಮೂರ್ತಿಯ ಮುಂದೆ ಪ್ರತಿ ವರ್ಷ ಇದೇ ಹುಡುಗನನ್ನು ನಿಲ್ಲಿಸಿ ಕೈ ಮುಗಿಸಲಾಗುತ್ತದೆ.

ಜೀವತತ್ತ್ವದ ವಿಷಯದಲ್ಲಿಯಂತೂ ಆಟ ಇನ್ನೂ ಮುಂದೆ ಹೋಗಿದೆ. ಸಾಯುವ ಪ್ರಾಣಿಯ ಆತ್ಮವನ್ನು ಹಿಡಿದು ಹರಳಿನಲ್ಲಿ ತುಂಬಿಡಬಹುದು. ಆ ಹರಳಿನಿಂದ ಮಾಂತ್ರಿಕ ಆಯುಧಗಳಿಗೆ ಶಕ್ತಿ ತುಂಬಬಹುದು. ಮನುಷ್ಯನ ಆತ್ಮಕ್ಕೆ ಬೇರೆಯೇ, ಕಪ್ಪು ಹರಳು. ಚೈತನ್ಯವನ್ನು ಇಂಧನವನ್ನಾಗಿ ಮಾಡಿದ ಈ ಕಲ್ಪನೆಯನ್ನು ಯಾವ ತಂದೆಯೂ ಮಗನೊಡನೆ ಚರ್ಚಿಸಿದಂತೆ ಕಾಣುವುದಿಲ್ಲ. ಹಾರುವ ಚಿಟ್ಟೆಯನ್ನು ಹಿಡಿದರೆ ಕೈಗೆ ಬರುವುದು ಚಿಟ್ಟೆಯಲ್ಲ, ಅದರ ರೆಕ್ಕೆಗಳು. ಅವು ಔಷಧ ಕುದಿಸುವುದಕ್ಕೆ ಬೇಕು. ಆಟದ ಒಳಗೇ ಒಂದು ಲೆಕ್ಕದ ಪುಟವಿದೆ. ಕೊಂದ ಮನುಷ್ಯರೆಷ್ಟು, ಪ್ರಾಣಿಗಳೆಷ್ಟು, ಮೊಲಗಳೆಷ್ಟು, ಮಾಡಿದ ಕೊಲೆಗಳೆಷ್ಟು, ಕಿತ್ತ ರೆಕ್ಕೆಗಳೆಷ್ಟು ಎಂಬುದೆಲ್ಲ ಅದರಲ್ಲಿ ಅಂಕಿಗಳಾಗಿ ದಾಖಲಾಗಿರುತ್ತವೆ. ಪ್ರತಿಕ್ರಮಣಕ್ಕೆ ಕುಳಿತವನಿಗೂ ಇಷ್ಟು ಕರಾರುವಾಕ್ಕಾದ ಪಟ್ಟಿ ಸಿಗುವುದಿಲ್ಲ. ವ್ಯತ್ಯಾಸವೆಂದರೆ ಇಲ್ಲಿ ಅಂಕಿ ಏರಿದಂತೆ ಆಟಗಾರನಿಗೆ ಹೆಮ್ಮೆ ಏರುತ್ತದೆ.

ಹಂತಕರ ಒಂದು ಗುಪ್ತ ಕೂಟವೂ ಆಟದಲ್ಲಿದೆ. ಅದಕ್ಕೆ ಸೇರುವ ದಾರಿಯಲ್ಲಿ ಪಾಳುಗುಡಿಸಲೊಂದರಲ್ಲಿ ಕೈಕಟ್ಟಿ ಮುಸುಕು ಹಾಕಿದ ಮೂವರು ಬಂದಿಗಳನ್ನು ತೋರಿಸಿ, ಒಬ್ಬರನ್ನು ಕೊಲ್ಲೆಂದು ಕೂಟದ ನಾಯಕಿ ಆಸ್ಟ್ರಿಡ್ ಆಜ್ಞಾಪಿಸುತ್ತಾಳೆ. ಯಾರು ತಪ್ಪಿತಸ್ಥರೆಂಬುದು ಮುಖ್ಯವಲ್ಲ, ಆಜ್ಞೆ ಪಾಲಿಸುವುದಷ್ಟೇ ಮುಖ್ಯ. ಇದು ವಿರೋಧಿ ಹಿಂಸೆಯಲ್ಲ, ಆರಂಭಿಯಲ್ಲ, ಉದ್ಯೋಗಿಯಲ್ಲ. ಗೃಹಸ್ಥನಿಗೆ ಯಾವ ವಿನಾಯಿತಿಯೂ ಇಲ್ಲದ ಸಂಕಲ್ಪಿ ಹಿಂಸೆ. ಆಜ್ಞೆ ಕೊಟ್ಟವಳ ಮೇಲೆಯೇ ತಿರುಗಿಬಿದ್ದು ಕೂಟವನ್ನು ನಾಶಮಾಡಲು ಆಟ ಅವಕಾಶ ಕೊಟ್ಟಿದೆಯೆಂಬುದನ್ನೂ ಹೇಳಬೇಕು. ಆದರೆ ಅದೂ ಕೊಲ್ಲುವ ದಾರಿಯೇ. ಅನೇಕರು ಮಾಡುವುದು ಬೇರೆ. ಗುಡಿಸಲಿನಲ್ಲಿ ಆಟವನ್ನು 'ಸೇವ್' ಮಾಡಿಟ್ಟು, ಒಬ್ಬನನ್ನು ಕೊಂದು ಫಲವೇನೆಂದು ನೋಡಿ, ಹಿಂದಕ್ಕೆ ಹೋಗಿ ಮತ್ತೊಬ್ಬನನ್ನು ಕೊಂದು ನೋಡುತ್ತಾರೆ. ಮಾಡಿದ್ದು ಮಾಡಿಲ್ಲವಾಗುವ ಈ ಸೌಕರ್ಯ ಯಶೋಧರನಿಗಿರಲಿಲ್ಲ. ಆಲೋಚನೆಯಿಲ್ಲ, ಪ್ರಾಯಶ್ಚಿತ್ತವಿಲ್ಲ, ನಿರ್ಜರೆಯಿಲ್ಲ, ಒಂದು ಗುಂಡಿಯಿದೆ.

ಇಷ್ಟು ಓದಿದ ಕೆಲವರು ಬಸದಿಯ ಟ್ರಸ್ಟಿನ ಮುಂದಿನ ಸಭೆಯಲ್ಲಿ ನಿಷೇಧದ ಠರಾವು ಮಂಡಿಸಲು ಹೊರಡಬಹುದು. ಅವರಿಗೂ ಒಂದು ಮಾತು. ಈ ಆಟಕ್ಕೆ ಅಮೆರಿಕದಲ್ಲಿ ಹದಿನೇಳು, ಯೂರೋಪಿನಲ್ಲಿ ಹದಿನೆಂಟು ವಯಸ್ಸಿನ ಮಿತಿಯನ್ನು ಮುದ್ರಿಸಿಯೇ ಮಾರಲಾಗಿದೆ. ಜೈನರಲ್ಲದ ಜನ ತಮ್ಮ ಮಕ್ಕಳಿಗಾಗಿ ಹಾಕಿದ ಆ ಗೆರೆಯನ್ನೇ ನೋಡದೆ ಹಣ ತೆತ್ತು ತಂದುಕೊಟ್ಟ ತಂದೆಗೆ ಠರಾವಿನಿಂದ ಕಣ್ಣು ಬರುವುದಿಲ್ಲ. ಇನ್ನೊಂದು ಸಂಗತಿ: ಈ ಆಟದ ವೀರ ಹೊರಬಹುದಾದ ಭಾರಕ್ಕೆ ಆರಂಭದಲ್ಲಿ ಮುನ್ನೂರು ಅಳತೆಯ ಮಿತಿಯಿದೆ. ಲೂಟಿ ಮಾಡಿದ್ದನ್ನೆಲ್ಲ ತುಂಬಿಕೊಂಡು ಅದನ್ನು ಮೀರಿದರೆ ಓಡಲಾರ, ಕಾಲೆಳೆದುಕೊಂಡು ನಡೆಯಬೇಕು. ಪರಿಗ್ರಹಕ್ಕೆ ಪರಿಮಾಣವನ್ನು ಆಟವಾದರೂ ವಿಧಿಸಿದೆ. ಠರಾವು ಮಂಡಿಸುವವರ ಮನೆಗಳಲ್ಲಿ ಅಷ್ಟೂ ಇದ್ದಂತೆ ತೋರುವುದಿಲ್ಲ. ಆಟ ಪೂರ್ತಿ ಕೆಟ್ಟದ್ದೆಂದು ಹೇಳಿದರೆ ಅದು ಸತ್ಯಾಣುವ್ರತಕ್ಕೆ ಭಂಗ. ಕೆರಳಿದವರ ಮನಸ್ಸನ್ನು ಕ್ಷಣಕಾಲ ಶಾಂತಗೊಳಿಸುವ ಮಂತ್ರಗಳೂ ಅದರಲ್ಲಿವೆ. ಆದಷ್ಟು ಮಟ್ಟಿಗೆ ಕೊಲ್ಲದೆಯೇ ಸಾಗಲು ಪ್ರಯತ್ನಿಸಿದ ಆಟಗಾರರೂ ಇದ್ದಾರೆ. ಏಳು ಸಾವಿರ ಮೆಟ್ಟಿಲುಗಳ ಮೇಲೆ ತಮ್ಮ ಧ್ವನಿಯೇ ಕೊಲ್ಲಬಲ್ಲದೆಂಬ ಭಯದಿಂದ ಮೌನವಾಗಿರುವ ಮುನಿಗಳಂಥವರ ಒಂದು ಆಶ್ರಮವಿದೆ. ವಚನಗುಪ್ತಿಯನ್ನು ಮಕ್ಕಳಿಗೆ ವಿವರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಇಂದಿನ ಆಟಗಳಲ್ಲಿ ಸಿಗುವುದು ವಿರಳ.

ಆ ಆಶ್ರಮಕ್ಕೂ ಮೇಲೆ, ಶಿಖರದ ತುದಿಯಲ್ಲಿ, ಪಾರ್ಥರ್ನಾಕ್ಸ್ ಎಂಬ ವೃದ್ಧ ಡ್ರ್ಯಾಗನ್ ವಾಸವಾಗಿದೆ. ಹಿಂದೊಮ್ಮೆ ಮನುಷ್ಯರನ್ನು ಕ್ರೂರವಾಗಿ ಪೀಡಿಸಿದ್ದ ಆ ಜೀವಿ ತನ್ನ ಸ್ವಭಾವವನ್ನು ಜಯಿಸಲು ಯುಗಗಳಿಂದ ಧ್ಯಾನದಲ್ಲಿ ತೊಡಗಿದೆ, ವೀರನಿಗೆ ಗುರುವೂ ಆಗುತ್ತದೆ. ಚಾರಣ ಮುನಿಗಳ ಉಪದೇಶದಿಂದ ವ್ರತ ಹಿಡಿದ ಸಿಂಹ ಮುಂದೆ ಮಹಾವೀರ ಸ್ವಾಮಿಯಾಗಿ ಜನಿಸಿದ ಭವಾವಳಿಯನ್ನು ಬಲ್ಲವರಿಗೆ ಈ ಡ್ರ್ಯಾಗನ್ ಅಪರಿಚಿತವಲ್ಲ. ಡ್ರ್ಯಾಗನ್ ಬೇಟೆಗಾರರ ಪಂಗಡದ ಡೆಲ್ಫೀನ್ ಎಂಬಾಕೆ, ಹಳೆಯ ಅಪರಾಧಗಳಿಗಾಗಿ ಅದನ್ನು ಕೊಲ್ಲಬೇಕು, ಅಲ್ಲಿಯವರೆಗೆ ತಮ್ಮಿಂದ ನೆರವಿಲ್ಲವೆಂದು ಪಟ್ಟು ಹಿಡಿಯುತ್ತಾಳೆ. ಆಟಗಾರ ಕೊಲ್ಲದೆ ಇರಬಹುದು; ಬಲವಂತವಿಲ್ಲ. ಆದರೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಆ ಕೊಲೆಯ ಸಾಲು ಕೊನೆಯವರೆಗೂ ಹಾಗೆಯೇ ಉಳಿಯುತ್ತದೆ. ಕೊಲ್ಲಲಾರೆನೆಂದು ಹೇಳಿ ಅದನ್ನು ಮುಗಿಸುವ ಮಾರ್ಗವಿಲ್ಲ. ಅಹಿಂಸೆ ಇಲ್ಲಿ ಒಂದು ನಿರ್ಧಾರವಾಗಿ ದಾಖಲಾಗುವುದಿಲ್ಲ, ಬಾಕಿಯಾಗಿ ದಾಖಲಾಗುತ್ತದೆ.

ಈ ಸಾಲನ್ನು ಸಹಿಸಲಾರದೆ ಆಟಗಾರರಲ್ಲಿ ಕೆಲವರು ಡೆಲ್ಫೀನಳಿಗೆ ಇಲ್ಲವೆನ್ನಲು ಎಡೆಮಾಡಿಕೊಡುವ ತಿದ್ದುಪಡಿಯನ್ನು ತಾವೇ ಬರೆದು, ಬೇಕಾದವರು ಸೇರಿಸಿಕೊಳ್ಳಲೆಂದು ಉಚಿತವಾಗಿ ಹಂಚಿದರು. ಹಿಟ್ಟಿನ ಕೋಳಿಯ ಕಥೆಯನ್ನು ಬಾಲ್ಯದಿಂದ ಕೇಳಿ ಬೆಳೆದ ಸಮಾಜ ಅಂಥದೊಂದನ್ನು ಬರೆದ ಸುದ್ದಿ ಈವರೆಗೆ ಕೇಳಿಬಂದಿಲ್ಲ. ಪಾಠಶಾಲೆಯ ಬೇಸಿಗೆ ಶಿಬಿರಗಳಲ್ಲಿ ಗಣಕಯಂತ್ರ ಬಲ್ಲ ಹುಡುಗರಿಗೆ ಕೊರತೆಯಿಲ್ಲ. ಒಂದು ಮಧ್ಯಾಹ್ನ ಅವರ ಮುಂದೆ 'ಯಶೋಧರ ಚರಿತೆ'ಯ ಬಲಿಯ ಪ್ರಸಂಗವನ್ನೂ ಆಟದ ಲೆಕ್ಕದ ಪುಟವನ್ನೂ ಒಟ್ಟಿಗೆ ಬಿಡಿಸಿಟ್ಟು, ಮಾತಾಡುವುದನ್ನು ಅವರಿಗೇ ಬಿಡಲು ಟ್ರಸ್ಟುಗಳಿಗೆ ಯಾವ ಠರಾವೂ ಬೇಕಾಗಿಲ್ಲ.