ಮರೆವಿನಲ್ಲೂ ಮಾಸದ ನಂಬಿಕೆ

ಪರೀಕ್ಷೆ ಹತ್ತಿರ ಬಂತೆಂದರೆ ಮನೆಮನೆಯಲ್ಲೂ ಒಂದೇ ಮಾತು: ‘ಓದಿದ್ದು ನೆನಪಿನಲ್ಲಿ ಉಳಿಯುತ್ತಿಲ್ಲ.’ ಮಕ್ಕಳಿಗೆ ಅಳು, ತಂದೆ ತಾಯಿಗಳಿಗೆ ಕಳವಳ. ಆದರೆ ನೆನಪಿನ ಶಕ್ತಿಯೇ ಕೈಕೊಟ್ಟ ಮೇಲೂ ದೊಡ್ಡ ಕೆಲಸ ಮಾಡಿದ ಒಬ್ಬ ವಿಜ್ಞಾನಿಯಿದ್ದರು. ಅವರೇ ಮೈಕೆಲ್ ಫ್ಯಾರಡೆ.

ಫ್ಯಾರಡೆ ಹುಟ್ಟಿದ್ದು 1791ರಲ್ಲಿ, ಇಂಗ್ಲೆಂಡಿನ ಬಡ ಕಮ್ಮಾರನೊಬ್ಬನ ಮನೆಯಲ್ಲಿ. ಆಹಾರದ ಬೆಲೆ ಗಗನಕ್ಕೇರಿದ್ದ 1801ರಲ್ಲಿ ಆ ಬಾಲಕನ ಪಾಲಿಗೆ ವಾರಕ್ಕೆ ಸಿಗುತ್ತಿದ್ದುದು ಒಂದೇ ಒಂದು ಬ್ರೆಡ್ಡು. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಲೆಕ್ಕ ಅಷ್ಟೇ. ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿ ಸೇರಿದ ಹುಡುಗ ಅಲ್ಲಿಗೆ ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನದ ರುಚಿ ಕಂಡ. 1813ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸಹಾಯಕನಾದ. ಇಂದಿನ ಜನರೇಟರ್, ಟ್ರಾನ್ಸ್‌ಫಾರ್ಮರ್‌ಗಳಿಗೆ ಮೂಲವಾದ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಫ್ಯಾರಡೆ ಕಂಡುಹಿಡಿದದ್ದು 1831ರಲ್ಲಿ.

ಅವರ ಮನೆತನ ಸ್ಯಾಂಡಿಮನ್ ಪಂಥವೆಂಬ ಸಣ್ಣ ಕ್ರೈಸ್ತ ಸಭೆಗೆ ಸೇರಿತ್ತು. ಅಲ್ಲಿ ಸಂಬಳದ ಪಾದ್ರಿಗಳಿರಲಿಲ್ಲ. ಸದಸ್ಯರಲ್ಲೇ ಆಯ್ಕೆಯಾದ ಹಿರಿಯರು ಬೋಧಿಸಬೇಕು, ಕಾಯಿಲೆಯವರನ್ನೂ ಬಡವರನ್ನೂ ವಿಚಾರಿಸಿಕೊಳ್ಳಬೇಕು. ಹಣ ಕೂಡಿಡುವುದು ತಪ್ಪೆಂಬುದು ಅವರ ನಂಬಿಕೆ. ಭಾನುವಾರ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುತ್ತಿದ್ದರು. ಜಗತ್ಪ್ರಸಿದ್ಧರಾದ ಮೇಲೂ ಫ್ಯಾರಡೆ ಆ ಸಭೆಯನ್ನು ಬಿಡಲಿಲ್ಲ. 1840ರಲ್ಲಿ ಅದರ ಹಿರಿಯರಾದರು.

ಕಷ್ಟ ಬಂದದ್ದೂ ಅದೇ ಹೊತ್ತಿಗೆ. ತಲೆಸುತ್ತು, ಮರೆವು ಹೆಚ್ಚಿ ಸಂಶೋಧನೆ ನಿಂತೇಹೋಯಿತು. 1841ರಲ್ಲಿ ಪತ್ನಿ ಸಾರಾ ಜೊತೆ ವಿಶ್ರಾಂತಿಗೆಂದು ಸ್ವಿಟ್ಜರ್ಲೆಂಡಿಗೆ ಹೋದರು. 1844ರಲ್ಲಿ ಮತ್ತೊಂದು ಪೆಟ್ಟು: ನೆಚ್ಚಿದ ಸಭೆಯೇ ಕೆಲವು ವಾರ ಅವರನ್ನು ಹೊರಗಿಟ್ಟಿತು. ಅವರು ಮುನಿದು ಬೇರೆ ದಾರಿ ಹಿಡಿಯಲಿಲ್ಲ. ಮತ್ತೆ ಸೇರಿಸಿಕೊಂಡಾಗ ಸಾಮಾನ್ಯ ಸದಸ್ಯರಾಗಿ ಕುಳಿತರು. ಮರುವರ್ಷವೇ, 1845ರಲ್ಲಿ, ಕಾಂತಶಕ್ತಿಯು ಬೆಳಕಿನ ಮೇಲೆ ಬೀರುವ ಪರಿಣಾಮವನ್ನು ಪತ್ತೆಹಚ್ಚಿದರು!

ಮರೆಯುವ ಮನಸ್ಸಿನಿಂದ ಇದು ಹೇಗೆ ಸಾಧ್ಯವಾಯಿತು? ಫ್ಯಾರಡೆ ನೆನಪನ್ನು ನೆಚ್ಚಿ ಕೂರುತ್ತಿರಲಿಲ್ಲ. ಪ್ರತಿಯೊಂದು ಪ್ರಯೋಗವನ್ನೂ, ಸೋತದ್ದನ್ನೂ ಕೂಡ, ದಿನಚರಿಯಲ್ಲಿ ಬರೆದು ಕ್ರಮಸಂಖ್ಯೆ ಹಾಕುತ್ತಿದ್ದರು. ಆ ಸಂಖ್ಯೆಗಳು 16 ಸಾವಿರ ದಾಟಿದವು. ಮರೆತದ್ದನ್ನು ಪುಟ ತಿರುವಿ ಹುಡುಕಿಕೊಳ್ಳುತ್ತಿದ್ದರು. ತನ್ನ ಕೊರತೆಯನ್ನು ಒಪ್ಪಿಕೊಳ್ಳುವ ವಿನಯ ಪ್ರಾರ್ಥನೆಯಲ್ಲಿದ್ದಂತೆ ಪ್ರಯೋಗಶಾಲೆಯಲ್ಲೂ ಇತ್ತು.

ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿ ಬಂದಾಗ ಒಲ್ಲೆನೆಂದರು. ಮಕ್ಕಳಿಗೆ ಪಾಠ ಹೇಳುವುದನ್ನು ಮಾತ್ರ ಬಿಡಲಿಲ್ಲ. 1860ರ ಕ್ರಿಸ್‌ಮಸ್ ರಜೆಯಲ್ಲಿ, 69ನೆಯ ವಯಸ್ಸಿನಲ್ಲಿ, ಒಂದು ಮೇಣದಬತ್ತಿ ಹಚ್ಚಿಟ್ಟು ಅದರಿಂದಲೇ ರಸಾಯನಶಾಸ್ತ್ರ ವಿವರಿಸಿದರು. 1862ರ ಹೊತ್ತಿಗೆ ಗೆಳೆಯನಿಗೆ ಒಂದು ಕಾಗದವನ್ನೂ ನೆಟ್ಟಗೆ ಬರೆಯಲಾಗದೆ ಬರೆದುದನ್ನು ಹರಿದುಹಾಕುವಂತಾಯಿತು. 1867ರಲ್ಲಿ ಶಾಂತವಾಗಿ ಕಣ್ಮುಚ್ಚಿದರು. ಹೈಗೇಟ್ ಸ್ಮಶಾನದಲ್ಲಿರುವ ಅವರ ಸಮಾಧಿಯ ಕಲ್ಲಿನ ಮೇಲಿರುವುದು ಹೆಸರು, ಹುಟ್ಟಿದ ದಿನ, ತೀರಿಕೊಂಡ ದಿನ ಅಷ್ಟೇ.

ನಂಬಿಕೆ ಅವರ ಕಾಯಿಲೆಯನ್ನು ವಾಸಿ ಮಾಡಲಿಲ್ಲ. ಕಾಯಿಲೆಯ ಎದುರು ಕುಗ್ಗದಂತೆ ನೋಡಿಕೊಂಡಿತು. ‘ಮರೆತುಹೋಯಿತು’ ಎಂದು ಅಳುವ ಮಗುವನ್ನು ಇನ್ನು ಗದರಬೇಡಿ. ಕೈಗೊಂದು ನೋಟ್‌ಬುಕ್ ಕೊಡಿ. ಇಂದು ಕಲಿತದ್ದನ್ನು ಅದು ಇಂದೇ ಬರೆದಿಡಲಿ.