ದರಪಟ್ಟಿ ಕಿವಿಗೂ ಅರ್ಥವಾಗಲಿ: ಶಂಕರಪುರ ಮಲ್ಲಿಗೆಯ ನಿದರ್ಶನ

ಶಂಕರಪುರದ ಮಲ್ಲಿಗೆಯ ದರ ಆಯಾ ದಿನಕ್ಕಷ್ಟೇ ಸೀಮಿತ. ಮುಂಜಾನೆ ಕೊಯ್ದ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟಿ ಅಂದೇ ಮಾರುಕಟ್ಟೆಗೆ ಕಳುಹಿಸಬೇಕು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಉಡುಪಿ ಮಲ್ಲಿಗೆಯ ವ್ಯವಹಾರ ಚೆಂಡು ಮತ್ತು ಅಟ್ಟೆಗಳ ಲೆಕ್ಕದಲ್ಲಿ ನಡೆಯುತ್ತದೆ: ಸುಮಾರು 800 ಹೂವುಗಳಿಗೆ ಒಂದು ಚೆಂಡು, ನಾಲ್ಕು ಚೆಂಡುಗಳಿಗೆ ಒಂದು ಅಟ್ಟೆ. ಅಂಕಿಯೊಂದಿಗೆ ಅಳತೆಯೂ ತಿಳಿಯದಿದ್ದರೆ ಲೆಕ್ಕ ನಾಲ್ಕು ಪಟ್ಟು ತಪ್ಪುತ್ತದೆ.

ಕಣ್ಣಿಗೆ ಈ ತೊಡಕಿಲ್ಲ. ಮೇಲಿನ ಶೀರ್ಷಿಕೆಯನ್ನೂ ಎಡಬದಿಯ ಹೆಸರನ್ನೂ ಅದು ಒಮ್ಮೆಗೇ ಗ್ರಹಿಸುತ್ತದೆ. ದೃಷ್ಟಿದೋಷವುಳ್ಳ ಬೆಳೆಗಾರರು ಮೊಬೈಲಿನ ಟಾಕ್‌ಬ್ಯಾಕ್ ಅಥವಾ ಕಂಪ್ಯೂಟರಿನ ಎನ್‌ವಿಡಿಎಯಂತಹ ಪರದೆವಾಚಕ ತಂತ್ರಾಂಶಗಳನ್ನು ಅವಲಂಬಿಸುತ್ತಾರೆ. ಇವು ಕೋಷ್ಟಕವನ್ನು ಒಂದೊಂದೇ ಕೋಶವಾಗಿ ಓದುತ್ತವೆ. ಶೀರ್ಷಿಕೆಯ ಕೋಶಗಳನ್ನು ಸರಿಯಾಗಿ ಗುರುತಿಸಿದ್ದರೆ ಎನ್‌ವಿಡಿಎಯು ಅಂಕಿಯೊಂದಿಗೆ "ಮಲ್ಲಿಗೆ, ಅಟ್ಟೆಯ ದರ" ಎಂದೂ ತಿಳಿಸಬಲ್ಲದು. ಗುರುತಿಸದಿದ್ದರೆ ಕೇಳುಗನಿಗೆ ದೊರೆಯುವುದು ಅಂಕಿಗಳ ಸರಮಾಲೆ ಮಾತ್ರ. ಗೊಬ್ಬರದ ಪ್ರಮಾಣದ ಕೋಷ್ಟಕದಲ್ಲಿ ಇದೇ ದೋಷ ಉಂಟಾದರೆ ರಂಜಕದ ಪ್ರಮಾಣವನ್ನು ಸಾರಜನಕದ್ದೆಂದು ತಿಳಿಯುವ ಅಪಾಯವಿದೆ.

2011ರ ಜನಗಣತಿಯಂತೆ ದೇಶದಲ್ಲಿ ದೃಷ್ಟಿ ಅಂಗವಿಕಲತೆಯುಳ್ಳವರ ಸಂಖ್ಯೆ ಸುಮಾರು 50 ಲಕ್ಷ. ಮಾಹಿತಿಯು ಇವರಿಗೂ ಎಟುಕುವಂತಿರಬೇಕೆಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 42ನೇ ಪ್ರಕರಣ ಹೇಳುತ್ತದೆ. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ಡಿಜಿಟಲ್ ಸೇವೆಗಳ ಲಭ್ಯತೆಯು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು ಸಾರಿತು. ಆ ತೀರ್ಪಿನ ನಿರ್ದೇಶನಗಳು ಬ್ಯಾಂಕ್ ಮೊದಲಾದೆಡೆ ನಡೆಯುವ ಡಿಜಿಟಲ್ ಗುರುತು ಪರಿಶೀಲನೆಗೆ ಸಂಬಂಧಿಸಿದವು. ಆದರೂ ಅದರ ಹಿಂದಿನ ತತ್ತ್ವವನ್ನು ಕೃಷಿ ಮಾಹಿತಿಗೆ ಅನ್ವಯಿಸದಿರಲು ಕಾರಣವಿಲ್ಲ. ಗೊಬ್ಬರದ ಪ್ರಮಾಣ ಮತ್ತು ಮಾರುಕಟ್ಟೆ ದರಗಳೂ ಜೀವನೋಪಾಯದ ಮಾಹಿತಿಯೇ ಆಗಿವೆ.

ಇದಕ್ಕೆ ದೊಡ್ಡ ವೆಚ್ಚ ಬೇಕಿಲ್ಲ. ಎನ್‌ವಿಡಿಎ ಉಚಿತ ತಂತ್ರಾಂಶ. ಟಾಕ್‌ಬ್ಯಾಕ್ ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಮೊದಲೇ ಇರುತ್ತದೆ. ಬದಲಾಗಬೇಕಾದುದು ನಾವು ಕೋಷ್ಟಕ ಸಿದ್ಧಪಡಿಸುವ ರೂಢಿ. ವಿಸ್ತರಣಾ ಕಾರ್ಯಕರ್ತರು ಈ ಕ್ರಮಗಳನ್ನು ಅನುಸರಿಸುವುದು ಸೂಕ್ತ:

1. ದರಪಟ್ಟಿಯನ್ನು ಚಿತ್ರವಾಗಿ ಅಥವಾ ಸ್ಕ್ಯಾನ್ ಮಾಡಿದ ಪುಟವಾಗಿ ಮಾತ್ರ ಪ್ರಕಟಿಸಬೇಡಿ, ಅಕ್ಷರರೂಪದಲ್ಲೂ ನೀಡಿ.

2. ಯುನಿಕೋಡ್ ಕನ್ನಡವನ್ನೇ ಬಳಸಿ. ಹಳೆಯ ನುಡಿ ಅಕ್ಷರವಿನ್ಯಾಸದ ಪಠ್ಯವು ಕಣ್ಣಿಗೆ ಕನ್ನಡವಾಗಿ ಕಂಡರೂ ಪರದೆವಾಚಕಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿಯೇ ದೊರೆಯುತ್ತದೆ.

3. ಕೋಷ್ಟಕಕ್ಕೆ ವಿಷಯ, ಸ್ಥಳ ಮತ್ತು ದಿನಾಂಕಗಳುಳ್ಳ ಹೆಸರು ನೀಡಿ. ಜಾಲಪುಟದಲ್ಲಿ ಇದಕ್ಕಾಗಿ ಕ್ಯಾಪ್ಷನ್ ಗುರುತು ಇದೆ.

4. ಶೀರ್ಷಿಕೆಯ ಅಕ್ಷರಗಳನ್ನು ದಪ್ಪಗೊಳಿಸಿದರೆ ಸಾಲದು. ಆ ಕೋಶಗಳಿಗೆ ಟಿಎಚ್ ಗುರುತನ್ನೂ, ಅದು ಅಡ್ಡಸಾಲಿನದೋ ಕಂಬಸಾಲಿನದೋ ಎಂದು ಸೂಚಿಸುವ ಸ್ಕೋಪ್ ಗುಣವನ್ನೂ ಸೇರಿಸುವಂತೆ ಜಾಲತಾಣದ ನಿರ್ವಾಹಕರಿಗೆ ತಿಳಿಸಿ.

5. ಅಳತೆಯನ್ನು ಶೀರ್ಷಿಕೆಯಲ್ಲೇ ಬರೆಯಿರಿ: "ದರ" ಎನ್ನುವುದಕ್ಕಿಂತ "ಅಟ್ಟೆಯ ದರ, ರೂಪಾಯಿಗಳಲ್ಲಿ" ಎಂಬುದು ಸ್ಪಷ್ಟ.

6. ಕೋಶಗಳನ್ನು ಕೂಡಿಸಬೇಡಿ, ಖಾಲಿ ಬಿಡಬೇಡಿ. ಹೂವು ಬಾರದ ದಿನ "ಆವಕ ಇಲ್ಲ" ಎಂದು ಬರೆಯಿರಿ. ದರದ ಏರಿಳಿತವನ್ನು ಬಣ್ಣದಿಂದ ಮಾತ್ರ ಸೂಚಿಸದೆ ಮಾತಿನಲ್ಲೂ ತಿಳಿಸಿ.

7. ವಾಟ್ಸಾಪ್ ಸಂದೇಶಕ್ಕೆ ಕೋಷ್ಟಕವೇ ಬೇಡ. ಒಂದು ಸಾಲಿಗೆ ಒಂದು ಹೂವು, ಅದರ ಅಳತೆ ಮತ್ತು ದರ ಎಂಬ ಕ್ರಮದ ಸರಳ ವಾಕ್ಯಗಳು ಸಾಕು.

ಪ್ರಕಟಿಸುವ ಮುನ್ನ ಪರದೆಯನ್ನು ನೋಡದೆ, ಟಾಕ್‌ಬ್ಯಾಕ್ ಚಾಲೂ ಮಾಡಿ ಕೋಷ್ಟಕದ ನಡುವಿನ ಯಾವುದಾದರೊಂದು ಅಂಕಿಯನ್ನು ಆಲಿಸಿ. ಅದು ಯಾವ ಹೂವಿನ, ಯಾವ ಅಳತೆಯ ದರವೆಂದು ಹೇಳಲು ನಿಮಗೆ ಸಾಧ್ಯವಾಗದಿದ್ದರೆ ಕೋಷ್ಟಕವನ್ನು ತಿದ್ದಿ.

ರೈತ ಬಾಂಧವರು ತಮಗೆ ಓದಲಾಗದ ಮಾಹಿತಿಯನ್ನು ಓದಬಲ್ಲ ರೂಪದಲ್ಲಿ ನೀಡುವಂತೆ ಸಂಬಂಧಪಟ್ಟ ಕಚೇರಿಗೆ ಲಿಖಿತವಾಗಿ ಕೋರಬಹುದು. ಸ್ಪಂದನೆ ದೊರೆಯದಿದ್ದಲ್ಲಿ ಇದೇ ಅಧಿನಿಯಮದಡಿ ನೇಮಕಗೊಂಡ ರಾಜ್ಯ ಆಯುಕ್ತರ ಗಮನಕ್ಕೆ ತರಬಹುದು. ದರ ಕೇಳಲು ಇನ್ನೊಬ್ಬರನ್ನು ಆಶ್ರಯಿಸುವ ಬೆಳೆಗಾರ ಅವರು ಹೇಳಿದ್ದನ್ನೇ ನಂಬಬೇಕಾಗುತ್ತದೆ. ದರಪಟ್ಟಿಯನ್ನು ತಾನೇ ಆಲಿಸಬಲ್ಲ ಬೆಳೆಗಾರ ತನ್ನ ಅಟ್ಟೆಗೆ ಸಲ್ಲಬೇಕಾದ ಹಣವನ್ನು ತಾನೇ ಲೆಕ್ಕಹಾಕಿ ಕೇಳಬಲ್ಲ.