ಗೃಹಾರೋಗ್ಯ: ಬಸುರಿನಲ್ಲಿ ಗಡ್ಡೆ ಮತ್ತು ಮೂರ್ಛೆರೋಗ

ಗರ್ಭಿಣಿಯಿರುವ ಮನೆಯಲ್ಲಿ ಸಂತೋಷದೊಡನೆ ಭಯವೂ ಇರುವುದು ಸಹಜವೇ. ಭಯದಿಂದ ಎಚ್ಚರ ಹುಟ್ಟಿದರೆ ಒಳಿತು. ಅವಸರ ಹುಟ್ಟಿದರೆ ಕೇಡು. ಎರಡು ಸಂಗತಿಗಳಲ್ಲಿ ಈ ಅವಸರವು ವಿಶೇಷವಾಗಿ ಕಂಡುಬರುತ್ತದೆ. ಗರ್ಭಾಶಯದಲ್ಲಿ ಗಡ್ಡೆಯಿದೆಯೆಂದು ತಿಳಿದೊಡನೆ ಅದನ್ನು ತೆಗೆಯಿಸಬೇಕೆಂಬುದು ಒಂದು. ಮೂರ್ಛೆರೋಗಕ್ಕಾಗಿ ನುಂಗುತ್ತಿದ್ದ ಗುಳಿಗೆಯನ್ನು ಕೂಸಿನ ಹಿತಕ್ಕೆಂದು ನಿಲ್ಲಿಸಬೇಕೆಂಬುದು ಇನ್ನೊಂದು. ಇವುಗಳಲ್ಲಿ ಎರಡನೆಯದೇ ಹೆಚ್ಚು ಘಾತಕವೆಂದು ನಾವು ವಾಚಕರಿಗೆ ಮೊದಲೇ ಅರುಹಬಯಸುತ್ತೇವೆ.

ಫೈಬ್ರಾಯ್ಡ್ ಎಂಬ ಗಡ್ಡೆಗಳು ಗರ್ಭಾಶಯದ ಸ್ನಾಯುವಿನಲ್ಲಿಯೇ ಹುಟ್ಟತಕ್ಕವು. ಅನೇಕ ಸ್ತ್ರೀಯರಲ್ಲಿ ಇವು ಇರುತ್ತವೆ; ಇವು ಅರ್ಬುದವಾಗಿರುವುದು ತೀರ ಅಪರೂಪ. ಬಹುಪಾಲು ಗಡ್ಡೆಗಳು ಬಸುರಿನಲ್ಲಿ ಉಪದ್ರವ ಕೊಡದೆ ಇದ್ದು, ಹೆರಿಗೆಯ ತರುವಾಯ ಎಷ್ಟೋ ಕುಗ್ಗುತ್ತವೆ. ಕೆಲವರಿಗೆ ನಡುವಿನ ತಿಂಗಳುಗಳಲ್ಲಿ ಹೊಟ್ಟೆನೋವು ಬಂದರೂ ವಿಶ್ರಾಂತಿಯಿಂದಲೂ ವೈದ್ಯರ ಔಷಧದಿಂದಲೂ ಶಮನವಾಗುವುದು. ರಕ್ತಸ್ರಾವದ ಭಯವಿರುವದರಿಂದ ಬಸುರಿನಲ್ಲಿ ಗಡ್ಡೆಯನ್ನು ಕೊಯ್ದು ತೆಗೆಯುವ ಪ್ರಸಂಗ ವಿರಳ. ದೊಡ್ಡ ಗಡ್ಡೆಯು ಕೂಸಿನ ದಾರಿಗೆ ಅಡ್ಡವಾಗಿದ್ದರೆ ಮಾತ್ರ ಶಸ್ತ್ರಕ್ರಿಯೆಯಿಂದ ಹೆರಿಗೆ ಮಾಡಿಸಬೇಕಾದೀತು. ಅಂಡಾಶಯದಲ್ಲಿ ಕಾಣುವ ಸಾದಾ ನೀರುಗುಳ್ಳೆಗಳೂ ನಾಲ್ಕನೆಯ ತಿಂಗಳ ಸುಮಾರಿಗೆ ಬಹುಶಃ ತಾವಾಗಿಯೇ ಅಡಗುತ್ತವೆ. ಆದರೆ ಒಮ್ಮೆಲೆ ತಾಳಲಾರದ ನೋವು, ವಾಂತಿ, ರಕ್ತಸ್ರಾವ ಇವುಗಳಲ್ಲಿ ಯಾವುದು ಕಂಡರೂ ಆ ಗಳಿಗೆಯಲ್ಲಿಯೇ ದವಾಖಾನೆಗೆ ಕರೆದೊಯ್ಯತಕ್ಕದ್ದು.

ಇನ್ನು ಮೂರ್ಛೆರೋಗದ ವಿಚಾರ. ಗುಳಿಗೆಯನ್ನು ಥಟ್ಟನೆ ಬಿಟ್ಟರೆ ಸೆಳೆತವು ಮರುಕಳಿಸಿ, ಬಿದ್ದು ಪೆಟ್ಟಾಗುವುದು, ಉಸಿರು ಕಟ್ಟುವುದು ಮೊದಲಾದ ಅನಾಹುತಗಳುಂಟಾಗುವವು. ತಾಯಿಯ ಪ್ರಾಣಕ್ಕೂ ಅಪಾಯವುಂಟು. ಎಲ್ಲ ಗುಳಿಗೆಗಳೂ ಒಂದೇ ಬಗೆಯವಲ್ಲ. ವ್ಯಾಲ್ಪ್ರೊಯೇಟ್ ಎಂಬುದನ್ನು ಬಸುರಿನಲ್ಲಿ ಸೇವಿಸಿದವರ ಹತ್ತು ಕೂಸುಗಳಲ್ಲಿ ಸುಮಾರು ಒಂದಕ್ಕೆ ಅಂಗದೋಷವಿರುತ್ತದೆ. ಬುದ್ಧಿಯ ಬೆಳವಣಿಗೆಗೂ ಅದು ಬಾಧಕ. ಅಂಡಾಶಯದಲ್ಲಿ ಗುಳ್ಳೆಗಳಾಗಿ ಮುಟ್ಟು ಏರುಪೇರಾಗುವುದಕ್ಕೂ ಅದಕ್ಕೂ ಸಂಬಂಧವಿರುವುದು ಕಂಡುಬಂದಿದೆ. ಲ್ಯಾಮೊಟ್ರಿಜಿನ್, ಲೆವೆಟಿರಾಸೆಟಮ್‌ಗಳಿಂದ ಇಂಥ ಬಾಧೆ ಬಹಳ ಕಡಿಮೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ 1998ರಲ್ಲಿ ಆರಂಭಿಸಿದ ಇಂಥ ಗರ್ಭಿಣಿಯರ ದಾಖಲೆಯಿಂದಲೂ, ಹೆಚ್ಚಿನವರು ಆರೋಗ್ಯವಂತ ಕೂಸುಗಳನ್ನೇ ಹೆರುತ್ತಾರೆಂಬುದು ಸಿದ್ಧವಾಗಿದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದೆಂಬುದು ಗಾದೆ. ಇಲ್ಲಿ ಮಾತ್ರ ಗರ್ಭ ನಿಲ್ಲುವ ಮುನ್ನವೇ ವೈದ್ಯರನ್ನು ಕಂಡು ಔಷಧವನ್ನು ಬದಲಿಸಿಕೊಂಡು, ಫೋಲಿಕ್ ಆಮ್ಲದ ಗುಳಿಗೆಯನ್ನು ಪ್ರಾರಂಭಿಸುವುದೇ ಜಾಣತನ. ಮೊದಲೇ ಬಸುರಾಗಿದ್ದರೂ ವೈದ್ಯರನ್ನು ಕೇಳದೆ ಒಂದು ಹೊತ್ತಿನ ಗುಳಿಗೆಯನ್ನೂ ತಪ್ಪಿಸಲಾಗದು.

ಗುಳಿಗೆ ತಪ್ಪುವುದಕ್ಕೆ ಮುಖ್ಯ ಕಾರಣ ಮುಚ್ಚುಮರೆ. ರೋಗವನ್ನು ಬೀಗರಿಗೆ ತಿಳಿಸದೆ ಮದುವೆ ಮಾಡಿದರೆ, ಸೊಸೆಯು ಅತ್ತೆಯ ಕಣ್ಣು ತಪ್ಪಿಸಿ ಗುಳಿಗೆ ನುಂಗಬೇಕಾಗುವುದು. ನುಂಗಲಾಗದ ದಿನ ಬೀಳಬೇಕಾಗುವುದು. 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯಿದೆಯಲ್ಲಿ ಈ ರೋಗವೂ ಮದುವೆಗೆ ಅಡ್ಡಿಯೆಂದು ಸೇರಿತ್ತು. 1999ರಲ್ಲಿ ಅದನ್ನು ತೆಗೆದುಹಾಕಲಾಯಿತು. ಕಾಯಿದೆಯೇ ಬಿಟ್ಟ ಕಳಂಕವನ್ನು ಮನೆತನಗಳು ಹಿಡಿದುಕೊಂಡಿರುವುದೇಕೆ?

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆಗೆ ಕುಬಸ ಮಾಡಿ, ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು ರೂಢಿ. ಆಗ ಸೀರೆ-ಕುಬಸಗಳೊಡನೆ ವೈದ್ಯರ ಚೀಟಿಯೂ ತವರಿಗೆ ಬರಲೇಬೇಕು. ಏಕೆಂದರೆ ಕೆಲವು ಔಷಧಗಳ ಪ್ರಮಾಣವನ್ನು ತಿಂಗಳು ತುಂಬುತ್ತ ಬಂದಂತೆ ಹೆಚ್ಚಿಸಿ, ಹೆರಿಗೆಯಾದೊಡನೆ ತಗ್ಗಿಸಬೇಕಾಗುತ್ತದೆ. ಹೆರಿಗೆಯು ದವಾಖಾನೆಯಲ್ಲಿಯೇ ಆಗಲಿ. 1957ರಲ್ಲಿ ಸ್ಥಾಪನೆಯಾದ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನ ದವಾಖಾನೆಯೂ, ಧಾರವಾಡದಲ್ಲಿ 1845ರಷ್ಟು ಹಿಂದೆ ಹುಚ್ಚಾಸ್ಪತ್ರೆಯಾಗಿ ಹುಟ್ಟಿ ಈಗ ಡಿಮ್ಹಾನ್ಸ್ ಎನಿಸಿರುವ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯೂ ನಮಗೆ ಸಮೀಪದಲ್ಲಿಯೇ ಇವೆ.

ನಿದ್ದೆಗೆಟ್ಟರೆ ಸೆಳೆತ ಬರುವುದರಿಂದ, ರಾತ್ರಿ ಕೂಸು ಅತ್ತಾಗ ಅದನ್ನು ಎತ್ತಿ ಆಡಿಸುವ ಕೆಲಸವನ್ನು ಗಂಡನೂ ಅಜ್ಜಿಯೂ ಹಂಚಿಕೊಳ್ಳಲಿ. ಸಾಮಾನ್ಯವಾಗಿ ಎದೆಹಾಲಿಗೆ ಅಡ್ಡಿಯಿಲ್ಲ. ತಾಯಿಯು ನೆಲದ ಮೇಲೆ ಗೋಡೆಗೊರಗಿ ಕುಳಿತು ಹಾಲೂಡಿಸಲಿ. ಆಕೆಯೊಬ್ಬಳೇ ಕೂಸಿಗೆ ಎರೆಯುವುದು ಬೇಡ.

ಸೆಳೆತ ಬಂದಾಗ ಎಡಮಗ್ಗುಲಿಗೆ ಮಲಗಿಸಬೇಕು. ಬಾಯಲ್ಲಿ ಏನನ್ನೂ ಇಡಬಾರದು. ಬೀಗದ ಕೈ ಹಿಡಿಸುವುದೂ ಚಪ್ಪಲಿ ಮೂಸಿಸುವುದೂ ನಿರರ್ಥಕ. ಗರ್ಭಿಣಿಗೆ ಸೆಳೆತ ಬಂದರೆ ತಡಮಾಡದೆ 108ಕ್ಕೆ ಕರೆಮಾಡತಕ್ಕದ್ದು. ಹಿಂದೆಂದೂ ಮೂರ್ಛೆಯಿಲ್ಲದವಳಿಗೆ ಐದು ತಿಂಗಳು ತುಂಬಿದ ಮೇಲೆ ಸೆಳೆತ ಬಂದರೆ, ಅದು ರಕ್ತದೊತ್ತಡ ಏರಿ ಬರುವ ನಂಜು ಆಗಿರುವ ಸಂಭವ ಹೆಚ್ಚು. ಅದರ ಚಿಕಿತ್ಸೆಯೇ ಬೇರೆ.

ಗಡ್ಡೆಯ ವಿಷಯದಲ್ಲಿ ತಾಳ್ಮೆಯೂ ಗುಳಿಗೆಯ ವಿಷಯದಲ್ಲಿ ನಿಷ್ಠೆಯೂ ಇರಲಿ. ಸೊಸೆಯ ಗುಳಿಗೆಯ ಡಬ್ಬಿಯು ಪೆಟ್ಟಿಗೆಯ ತಳದಲ್ಲಿ ಅಡಗಿರದೆ, ಎಲ್ಲರಿಗೂ ಕಾಣುವಂತೆ ಗೂಡಿನಲ್ಲಿರುವ ಮನೆಯಲ್ಲಿ ತಾಯಿ-ಕೂಸುಗಳಿಬ್ಬರೂ ಸುರಕ್ಷಿತರು.